ಹೆಬ್ಬಾಳ ಕೆರೆಯ ಎರಡನೇ ಸಾಕ್ಷಿ

ನಾನು ನೋಡಿದ್ದೇನೆಂದು ಬರೆದುಕೊಂಡಿರುವ ಹಕ್ಕಿಗಳಲ್ಲಿ ಅರ್ಧದಷ್ಟನ್ನು ನಾನು ನೋಡಿಯೇ ಇಲ್ಲ. ಇದನ್ನು ಹೆಂಡತಿಯ ಮುಂದೂ ಒಪ್ಪಿಕೊಂಡವನಲ್ಲ. ನೀವು ಯಾರಿಗೂ ಹೇಳುವುದಿಲ್ಲವೆಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಚಳಿಗಾಲದ ಭಾನುವಾರಗಳಂದು ನಾವು ಏಳೆಂಟು ಜನ ಹೆಬ್ಬಾಳ ಕೆರೆಯ ದಂಡೆಯಲ್ಲಿ ಸೇರುತ್ತೇವೆ. ತಲೆಗೆ ಮಂಕಿ ಟೋಪಿ, ಕೊರಳಲ್ಲಿ ದುರ್ಬೀನು, ಫ್ಲಾಸ್ಕಿನಲ್ಲಿ ಕಾಫಿ. ಬೆನ್ನ ಹಿಂದೆ ಫ್ಲೈಓವರ್ ಮೇಲೆ ವಿಮಾನ ಹಿಡಿಯುವವರ ಧಾವಂತ. ಮುಂದೆ ಎಷ್ಟೋ ದೇಶ ದಾಟಿ ಬಂದು ಆರಾಮಾಗಿ ತೇಲುತ್ತಿರುವ ಬಾತುಗಳು. ನಮ್ಮ ಗುಂಪಿಗೊಂದು ಕಟ್ಟಳೆಯಿದೆ. ಅಪರೂಪದ ಹಕ್ಕಿ ಪಟ್ಟಿಗೆ ಸೇರಬೇಕಾದರೆ ಅದನ್ನು ಇಬ್ಬರಾದರೂ ಕಂಡಿರಬೇಕು. ಆ ಎರಡನೆಯವನು ಸಾಮಾನ್ಯವಾಗಿ ನಾನೇ. ಯಾರೋ "ಅಗೋ, ಜೊಂಡಿನ ಎಡಕ್ಕೆ!" ಎನ್ನುತ್ತಾರೆ. ನಾನು ದುರ್ಬೀನು ಸರಿಮಾಡಿಕೊಳ್ಳುವಷ್ಟರಲ್ಲಿ ಜೊಂಡು ಮಾತ್ರ ಉಳಿದಿರುತ್ತದೆ. ಆದರೂ "ಹೌದ್ಹೌದು, ನೋಡ್ದೆ" ಎಂದುಬಿಡುತ್ತೇನೆ. ಇಲ್ಲವೆಂದರೆ ಪಾಪ, ಅವರ ಮುಖ ಸಣ್ಣದಾಗುತ್ತದೆ. ಜೊತೆಗೆ ನನ್ನ ಕಣ್ಣಿನ ಆರೋಗ್ಯದ ವಿಚಾರಣೆಯೂ ಶುರುವಾಗುತ್ತದೆ.

ಹಳೆಯ ದಾನಶಾಸನಗಳ ಕೊನೆಗೆ ಸಾಕ್ಷಿಗಳ ಹೆಸರು ಕೆತ್ತಿರುತ್ತಾರಲ್ಲ, ಅವರೆಲ್ಲ ನಿಜಕ್ಕೂ ಗದ್ದೆಗಿಳಿದು ಎಲ್ಲೆ ನೋಡಿದ್ದರೇ ಎಂದು ನನಗೆ ಅನುಮಾನ. ಒಬ್ಬಿಬ್ಬರಾದರೂ ಊಟ ಮುಗಿಸಿ, ಮರದ ನೆರಳಲ್ಲಿ ಕೂತು, "ಹೌದ್ಹೌದು" ಎಂದಿರಬೇಕು. ಕಲ್ಲಿನ ಕಥೆಯೇ ಹೀಗಾದರೆ ನಮ್ಮ ನೋಟ್‌ಬುಕ್ಕಿನದೇನು ಮಹಾ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ದಟ್ಟ ಮಂಜು. ಬಂದವರು ಇಬ್ಬರೇ, ನಾನು ಮತ್ತು ಸಾದಿಕ್ ಸಾಹೇಬರು. ಆರ್.ಟಿ. ನಗರದಲ್ಲಿ ಆಯುಷ್ಯವಿಡೀ ಗಡಿಯಾರ ರಿಪೇರಿ ಮಾಡಿದವರು ಅವರು. ನಮ್ಮ ಹಕ್ಕಿಪಟ್ಟಿ ಬರೆಯುವವರೂ ಅವರೇ. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

"ಸಾರ್, ಮೀನು ಡೇಗೆ! ಮೀನ್ ಎತ್ಕೊಂಡ್ ಹೋಗ್ತಿದೆ! ಹದಿನೈದ್ ವರ್ಷದಿಂದ ಕಾಯ್ತಿದ್ದೆ ಇದಕ್ಕೆ. ನೋಡಿದ್ರಾ?"

ನನಗೆ ಕಂಡದ್ದು ಮಂಜು. "ನೋಡ್ದೆ" ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹದಿನೈದು ವರ್ಷ ಕಾದವರ ಕೈಗೆ ನನ್ನ ಸವಕಲು ಸುಳ್ಳನ್ನು ಇಡಲು ನಾಚಿಕೆಯಾಯಿತು.

"ಇಲ್ಲ ಸಾಹೇಬ್ರೇ, ಕಾಣ್ಲಿಲ್ಲ. ನಿಜ ಹೇಳ್ಬೇಕಂದ್ರೆ, ಎಷ್ಟೋ ಸಲ ಕಾಣ್ದೇನೇ ನೋಡ್ದೆ ಅಂದಿದೀನಿ."

ಅವರು ನನ್ನ ತೋಳು ಬಿಟ್ಟು ನೋಟ್‌ಬುಕ್ಕು ತೆರೆದರು. ಅವರ ಡೇಗೆಯೂ ಹೋಯಿತು, ನಮ್ಮ ಸ್ನೇಹವೂ ಹೋಯಿತು ಎಂದುಕೊಂಡೆ.

"ಗೊತ್ತು ಸಾರ್," ಎಂದರು ಪುಟ ತಿರುವುತ್ತ. "ಎರಡ್ ಸಲ ದುರ್ಬೀನಿನ ಮುಚ್ಚಳಾನೂ ತೆಗೀದೆ ನೋಡ್ದೆ ಅಂದಿದೀರ. ನಿಮ್ ಸಾಕ್ಷಿ ಇರೋ ಹಕ್ಕಿ ಮುಂದೆಲ್ಲಾ ಒಂದ್ ಚುಕ್ಕಿ ಇಟ್ಟಿದೀನಿ."

"ಮತ್ಯಾಕೆ ಸುಮ್ನಿದ್ರಿ?"

"ಬೇರೆಯವರ ಹಕ್ಕಿಗೆ ಅಷ್ಟು ಖುಷಿ ಪಡೋರು ಯಾರಿದಾರೆ ಸಾರ್?"

ಡೇಗೆಯನ್ನು ಅವರು ಪಟ್ಟಿಗೆ ಸೇರಿಸಲಿಲ್ಲ. ಕಟ್ಟಳೆ ಕಟ್ಟಳೆಯೇ. ಅಷ್ಟರಲ್ಲಿ ಹಣೆಯ ಮೇಲೆ ಬಿಳಿ ನಾಮ ಹೊತ್ತ ಒಂದು ನಾಮದ ಕೋಳಿ ನಮ್ಮ ಕಾಲ ಬುಡಕ್ಕೇ ಈಜಿಬಂತು. ಕೆರೆಯ ತುಂಬ ಇರುವ, ಯಾರೂ ಕತ್ತೆತ್ತಿ ನೋಡದ ಹಕ್ಕಿ.

"ಇದು ಕಾಣ್ತಿದ್ಯಾ?"

"ಚೆನ್ನಾಗಿ ಕಾಣ್ತಿದೆ."

ಸಾಕ್ಷಿಯೇ ಬೇಡದ ಆ ಹಕ್ಕಿಯನ್ನು ಬರೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿದರು. ಚುಕ್ಕಿ ಇಡಲಿಲ್ಲ. ಅದನ್ನು ಮಾತ್ರ ನಾನು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಸ್ವಂತ ಕಣ್ಣಿಂದಲೇ ನೋಡಿದೆ.