ಎಂಜಿನ್ ಮುಚ್ಚಳದ ಮೇಲಿನ ಗೋಣಿಯ ಗುರುತು

ಇದನ್ನು ಬರೆಯಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ವಹಿ ತೆರೆದಾಗಲೆಲ್ಲ ಕಾರಿನ ಬಗ್ಗೆ ಎರಡು ಪುಟ ಬರೆದು, ಮುಖ್ಯವಾದ ಮಾತು ಬರುವ ಹೊತ್ತಿಗೆ ಚಹಾ ಕುಡಿಯಲು ಎದ್ದುಬಿಡುತ್ತೇನೆ. ಆ ಎರಡು ಪುಟ ಸುಳ್ಳಲ್ಲ. ಆ ಕಾರಿನ ಎಂಜಿನ್ ನನ್ನ ಕೈಯಿಂದಾದ ಅತ್ಯಂತ ಚೆಂದದ ಕೆಲಸ. ನಾನು ಮಾಡಿದ ತಪ್ಪೂ ಅದೇ ಎಂಜಿನ್ನಿನ ಮೇಲೆ ಕೂತಿದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಇನ್ನು ಸಾಕು.

ನಾನು ಹತ್ತನೆಯ ತರಗತಿ ಮುಗಿಸಿ ವಾಡಿಯ ಸಿಮೆಂಟ್ ಕಾರ್ಖಾನೆಯ ವರ್ಕ್‌ಶಾಪಿಗೆ ಫಿಟ್ಟರ್ ಆಗಿ ಸೇರಿದವನು. ನಲವತ್ತೆರಡು ವರ್ಷ ಅಲ್ಲೇ ಇದ್ದೆ. ಅಲ್ಲಿ ಎಂಜಿನ್ನಿಗೆ ಒಂದೇ ಬಣ್ಣ, ಬೂದಿ ಬಣ್ಣ. ಮೋಟಾರಿಗೂ ಅದೇ, ಪಂಪಿಗೂ ಅದೇ, ಡಬ್ಬಿಯಲ್ಲಿ ಉಳಿದರೆ ಬೆಂಚಿನ ಕಾಲಿಗೂ ಅದೇ. ಎಂಜಿನ್ ಓಡಬೇಕು, ಅಷ್ಟೇ. ಅದರ ಮುಖ ಯಾರೂ ನೋಡುವುದಿಲ್ಲ. ನಿವೃತ್ತಿಯಾದ ಮೇಲೆ ಮನೆಯ ಹಿಂದೆ ತಗಡಿನ ಶೆಡ್ ಹಾಕಿ ಹಳೆಯ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತ ಇದ್ದೆ.

ಅಲ್ಲಿಗೆ ಶಹಾಬಾದಿನ ಒಬ್ಬ ಸಾಹುಕಾರರು ಬಂದರು. ಅವರದು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಯೂನಿಟ್. ಅವರ ತಂದೆಯ ಹಳೆಯ ಅಂಬಾಸಿಡರ್ ಚಿತ್ತಾಪುರದ ದಾಲ್ ಮಿಲ್ಲಿನ ಹಿಂದೆ ಮಣ್ಣು ತಿನ್ನುತ್ತ ನಿಂತಿತ್ತು. ಅವರು ಫೋನಿನಲ್ಲಿ ಯಾವುದೋ ದೇಶದ ಗಾಡಿ ತೋರಿಸಿದರು. ಮಾಳಿಗೆ ತಗ್ಗಿಸಿ, ಬಾನೆಟ್ ಕಿತ್ತೆಸೆದು, ಎಂಜಿನ್ ಬಯಲಿಗಿಟ್ಟು ಓಡಿಸುವ ಗಾಡಿ. ಹಾಟ್ ರಾಡ್ ಅಂತಾರಂತೆ. ಸೇಡಂನಲ್ಲಿ ಮಗಳ ಮದುವೆ, ಅದರ ಮೆರವಣಿಗೆಗೆ ಬೇಕೆಂದರು.

"ಎಂಜಿನ್ ಪೂರಾ ಕ್ರೋಮ್ ಹೊಡಸ್ರಿ ಮಿಸ್ತ್ರಿ. ಚಕಮಕ ಅನಬೇಕು."

"ಸಾವ್ಕಾರ್ರ, ಮದಿಮಗಳ ಮೈತುಂಬಾ ಬಂಗಾರಾನೇ ಹೇರಿದ್ರ ಸೀರಿ ಯಾರ್ ನೋಡ್ತಾರ್ರಿ?"

ಅವರು ನಕ್ಕು, "ನೀವೇ ಸಿಂಗಾರ ಮಾಡ್ರಿ ಹಂಗಾರ" ಎಂದು ಎಲ್ಲವನ್ನೂ ನನಗೆ ಬಿಟ್ಟರು.

ಎಂಜಿನ್ ಬಿಚ್ಚಿ, ತೊಳೆದು, ಒಂದೊಂದೇ ಭಾಗವನ್ನು ಹಳೆಯ ಚಾದರದ ಮೇಲೆ ಸಾಲಾಗಿ ಇಟ್ಟೆ. ಆರು ದಿನ ಸ್ಟೂಲಿನ ಮೇಲೆ ಕೂತು ಬರೀ ನೋಡಿದೆ. ನನ್ನ ಹೆಂಡತಿ ಬಂದು, "ಹೆಣ್ಣ ನೋಡಾಕ ಹೋದಾಗ ನನಗ ಇಷ್ಟೊತ್ತ ನೋಡಿದ್ದಿಲ್ಲ" ಅಂದಳು. ಯಾವುದು ಮಿಂಚಬೇಕು, ಯಾವುದು ಸುಮ್ಮನಿರಬೇಕು ಎಂದು ಗೊತ್ತಾಗಲು ಅಷ್ಟು ದಿನ ಬೇಕಾಯಿತು. ಹೊಗೆ ಹೋಗುವ ಮ್ಯಾನಿಫೋಲ್ಡ್ ಕಾಯುವ ಭಾಗ. ಅದಕ್ಕೆ ಕ್ರೋಮ್ ಹಾಕಿದರೆ ವಾರದಲ್ಲಿ ನೀಲಿ, ಹಳದಿ ತಿರುಗುತ್ತದೆ. ಅದಕ್ಕೆ ಶಾಖ ತಡೆಯುವ ಮಾಸಲು ಬಿಳಿಯೇ ಸರಿ. ಬೋಲ್ಟುಗಳನ್ನು ಕೆಂಪಗೆ ಕಾಯಿಸಿ ಹಳೆಯ ಆಯಿಲ್‌ನಲ್ಲಿ ಅದ್ದಿ ಕಪ್ಪು ಮಾಡಿದೆ. ಪೆಟ್ರೋಲ್ ಹೋಗುವ ತಾಮ್ರದ ಕೊಳವೆಯನ್ನು ತಾಮ್ರವಾಗಿಯೇ ಬಿಟ್ಟೆ. ಕ್ರೋಮ್ ಎರಡಕ್ಕೆ ಮಾತ್ರ: ಏರ್ ಫಿಲ್ಟರಿನ ತಟ್ಟೆಗೆ, ಆಯಿಲ್ ಅಳೆಯುವ ಕಡ್ಡಿಯ ಹಿಡಿಗೆ.

ದೊಡ್ಡ ಪ್ರಶ್ನೆ ಎಂಜಿನ್ನಿನ ಮೈಯದು. ನನಗೆ ನೀರು ಬಿದ್ದ ಫರ್ಸಿ ಕಲ್ಲಿನ ಬಣ್ಣ ಬೇಕಿತ್ತು, ಆ ನೀಲಿಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣ. ಕಲ್ಲಿನ ಚೂರು ಮತ್ತು ಒಂದು ಬಾಟಲಿ ನೀರು ಹಿಡಿದು ಚಿತ್ತಾಪುರದ ಪೇಂಟ್ ಅಂಗಡಿಗೆ ಹೋದೆ. ಕಲ್ಲು ಒಣಗಿದಂತೆಲ್ಲ ನೀರು ಹಾಕುತ್ತಿದ್ದೆ. ಅಂಗಡಿಯವ, "ಕಾಕಾ, ಕಲ್ಲಿಗಿ ನೀರ್ ಕುಡಸಾಕ ಇಲ್ಲಿತನಕ ಬಂದೀರೇನ್?" ಎಂದ. ಏಳನೆಯ ಸಲ ಕಲಸಿದ ಬಣ್ಣ ಕೂಡಿತು. ಇವತ್ತಿಗೂ ಆ ಬಣ್ಣ ನೆನೆಸಿಕೊಂಡರೆ ನನ್ನ ಎದೆ ಒಂದಿಷ್ಟು ಉಬ್ಬುತ್ತದೆ.

ಅಂಥ ಗಾಢ ಬಣ್ಣದ ಮೈಯ ನೆತ್ತಿಯ ಮೇಲೆ ಕನ್ನಡಿಯಂಥದೊಂದು ಬೇಕಿತ್ತು. ಮೂಲದ ತಗಡಿನ ಮುಚ್ಚಳ ತೆಗೆದು, ಅಲ್ಯೂಮಿನಿಯಂ ಎರಕದ್ದು ಮಾಡಿಸಿದೆ. ಅದನ್ನು ಕನ್ನಡಿ ಮಾಡುವುದು ನನಗೆ ಬರಲಿಲ್ಲ. ಎಷ್ಟು ತಿಕ್ಕಿದರೂ ಒಳಗೆ ಗೆರೆಗಳು ಉಳಿಯುತ್ತಿದ್ದವು.

ಸಾಹುಕಾರರು ತಮ್ಮ ಯೂನಿಟ್ಟಿನ ಒಬ್ಬ ಹೆಣ್ಣುಮಗಳನ್ನು ಕಳಿಸಿದರು. ನಲವತ್ತರ ಹತ್ತಿರದವಳು. ಅಲ್ಲಿ ಎಲ್ಲರೂ ಆಕೆಯನ್ನು ಪಾಲಿಶಕ್ಕ ಎನ್ನುತ್ತಿದ್ದರು. ಹದಿನೈದು ವರ್ಷದಿಂದ ಕಲ್ಲಿನ ಮಷೀನಿನ ಮುಂದೆ, ಕಲ್ಲಿನ ಕೆಸರು ನೀರಿನಲ್ಲಿ ನಿಂತು ಆಕೆಯ ಪಾದಗಳು ಸೀಳಿದ್ದವು. ಸಾಹುಕಾರರು ನನ್ನೆದುರೇ ಆಕೆಗೆ ಹೇಳಿದರು: "ಇದೊಂದು ಛಲೋ ಮಾಡವ್ವ. ಮಿಸ್ತ್ರಿ ಹೂಂ ಅಂದ್ರ ಶಾಬಾದದಾಗ ಲೋಹದ ಪಾಲಿಶ್ ಮಷೀನ್ ಹಾಕ್ತೀನಿ. ನೀನೇ ನಡಸು. ಕುರ್ಚಿ ಮ್ಯಾಲ ಕುಂತ ಮಾಡೋ ಕೆಲಸ." ಆಕೆ ನನ್ನ ಮುಖ ನೋಡಿದಳು. ಆ ಕುರ್ಚಿ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಮೂರು ದಿನ ಶಹಾಬಾದಿನಿಂದ ರೈಲಿಗೆ ಬಂದಳು. ಮೊದಲ ದಿನವೇ ನನ್ನ ಕೆಲಸ ನೋಡಿ ತಲೆಯಾಡಿಸಿದಳು.

"ಕಾಕಾ, ಒಂದೇ ಕಡಿ ತಿಕ್ಕಿದ್ರ ಗೆರಿ ಸಾಯಂಗಿಲ್ರಿ. ಮಕ್ಕೊಂತಾವ. ಆಮ್ಯಾಲ ಎದ್ದು ಕುಂದ್ರತಾವ."

ತನ್ನ ಚೀಲದಿಂದ ಕಲ್ಲಿಗೆ ಬಳಸಿ ಸವೆದ ಉಜ್ಜುಬಿಲ್ಲೆಗಳನ್ನು ತೆಗೆದಳು. ಒರಟು ಬಿಲ್ಲೆಯಿಂದ ಉದ್ದಕ್ಕೆ ತಿಕ್ಕಿದರೆ, ಮುಂದಿನ ನಯವಾದ ಬಿಲ್ಲೆಯಿಂದ ಅಡ್ಡಕ್ಕೆ. ಹಿಂದಿನ ಗೆರೆ ಒಂದೂ ಉಳಿಯದ ಹೊರತು ಬಿಲ್ಲೆ ಬದಲಿಸುವಂತಿಲ್ಲ. ಗೆರೆ ಉಳಿದಿದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ಉಗುರಿನ ಬೆನ್ನು ಎಳೆದು ನೋಡುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಆ ಮುಚ್ಚಳದಲ್ಲಿ ನನ್ನ ಶೆಡ್ಡಿನ ತಗಡಿನ ಒಂದೊಂದು ಏರಿಳಿತವೂ ಕಂಡಿತು.

"ನಾಳಿ ಬಂದು ಮೇಣ ಹಚ್ತೀನ್ರಿ. ಅಲ್ಲಿತನಕ ಅರಿವ್ಯಾಗ ಸುತ್ತಿ ಒಳಗಿಡ್ರಿ. ನಿಮ್ಮೂರ ಸಿಮೆಂಟ್ ಧೂಳು ನೀರು ಕುಡದ್ರ ಕಚ್ಚತದ."

"ನಲವತ್ತೆರಡು ವರ್ಷ ಆ ಧೂಳಾಗ ಬದುಕೀನಿ. ನನಗ ಹೇಳ್ತಿಯೇನವ್ವ?" ಎಂದೆ.

ಒಳಗಿಡಲಿಲ್ಲ. ಸಂಜೆ ನನ್ನ ಜೊತೆ ಕೆಲಸ ಮಾಡಿದ್ದ ಇಬ್ಬರು ಮುದುಕರು ಬಂದರು. ಅವರಿಗೆ ತೋರಿಸಲು ಅಂಗಳದ ಕಟ್ಟೆಯ ಮೇಲಿಟ್ಟೆ. ಅವರು ಅದರಲ್ಲಿ ಮುಖ ನೋಡಿ ಮೀಸೆ ತಿರುವಿದರು. ಮುಚ್ಚಳ ಅಲ್ಲೇ ಉಳಿಯಿತು.

ಬೆಳಿಗ್ಗೆ ಮಂಜು ಬಿದ್ದು ಅದರ ಮೇಲೆ ಧೂಳು ಪರೆಗಟ್ಟಿತ್ತು. ವಾಡಿಯಲ್ಲಿ ಸ್ಕೂಟರಿನ ಮೇಲೆ, ಕಿಟಕಿಯ ಮೇಲೆ ಅಂಥ ಪರೆ ಕೂತರೆ ನಾವು ಒಣಗಿದ್ದನ್ನು ಒರೆಸುವುದಿಲ್ಲ, ಗೀರು ಬೀಳುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಒಂದು ತಾಸು ಬಿಡುತ್ತೇವೆ, ಪರೆ ಮೆತ್ತಗಾಗಿ ತಾನೇ ಏಳುತ್ತದೆ. ಯೋಚಿಸದೆ ಅದನ್ನೇ ಮಾಡಿದೆ. ಸ್ನಾನ, ಚಹಾ ಮುಗಿಸಿ ಬಂದು ಗೋಣಿ ಎತ್ತಿದರೆ ಕನ್ನಡಿಯ ಮೇಲೆ ಗೋಣಿಯ ನೇಯ್ಗೆ ಅಚ್ಚಾಗಿತ್ತು. ಎಳೆ ಎಣಿಸಬಹುದಿತ್ತು. ನೀರು ಕುಡಿದ ಸಿಮೆಂಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ಕಾರ್ಖಾನೆಯಲ್ಲಿ ಎಷ್ಟೋ ಭಾಗ ಹಾಗೆ ಹಾಳಾಗಿದ್ದನ್ನು ನಾನೇ ಬದಲಿಸಿದ್ದೆ.

ಆಮೇಲೆ ಮಾಡಿದ್ದಕ್ಕೆ ಮರೆವಿನ ನೆಪವಿಲ್ಲ. ಉಜ್ಜುಕಾಗದ ತೆಗೆದುಕೊಂಡು ನೇಯ್ಗೆಯ ಗುರುತು ಹೋಗುವವರೆಗೆ ಉಜ್ಜಿದೆ. ಮಬ್ಬು ಮಬ್ಬು ಕಲೆ ಮಾತ್ರ ಉಳಿಯಿತು. ಅದು ಯಾರ ತಪ್ಪೂ ಆಗಬಹುದಿತ್ತು.

ಹತ್ತು ಗಂಟೆಗೆ ಸಾಹುಕಾರರು ಬಂದರು. ಅದೇ ಹೊತ್ತಿಗೆ ಆಕೆಯೂ ಮೇಣದ ಡಬ್ಬಿ ಹಿಡಿದು ಬಂದಳು. ಸಾಹುಕಾರರು ಮುಚ್ಚಳ ನೋಡಿ, "ಏನ್ರಿ ಮಿಸ್ತ್ರಿ ಇದು?" ಎಂದರು.

"ಪಾಲಿಶ್ ನಿಲ್ಲಲಿಲ್ರಿ," ಎಂದೆ. "ಕಲ್ಲಿನ ಕೈ ಅದ. ಲೋಹಕ್ಕ ಬ್ಯಾರೆ ಕೈ ಬೇಕಾಗ್ತದ."

ಆಕೆ ಮುಚ್ಚಳವನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿ ಉಗುರಿನ ಬೆನ್ನು ಎಳೆದಳು. ಬೋಲ್ಟಿನ ತೂತಿನಲ್ಲಿ ಸಿಕ್ಕಿಕೊಂಡಿದ್ದ ಗೋಣಿಯ ಒಂದು ಎಳೆಯನ್ನು ಬೆರಳಿನಿಂದ ಹೊರತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಸ್ಪ್ಯಾನರ್ ಹುಡುಕತೊಡಗಿದೆ.

"ಇನ್ನೊಮ್ಮಿ ತಿಕ್ಕಿ ಕೊಡ್ಲೇನ್ರಿ?" ಎಂದು ಸಾಹುಕಾರರನ್ನು ಕೇಳಿದಳು. ಎಳೆಯ ಮಾತು ಎತ್ತಲಿಲ್ಲ.

"ಬಿಡವ್ವ. ನಾಳಿಂದ ನೀ ಕಲ್ಲಿನ ಮಷೀನಿಗೇ ಹೋಗು," ಎಂದರು. ಆಕೆ ಮೇಣದ ಡಬ್ಬಿಯನ್ನೂ ಬಿಲ್ಲೆಗಳನ್ನೂ ನನ್ನ ಬೆಂಚಿನ ಮೇಲೆ ಇಟ್ಟು ಸ್ಟೇಶನ್ನಿಗೆ ನಡೆದಳು.

ಆ ಬಿಲ್ಲೆಗಳಿಂದಲೇ ನಾನು ಮುಚ್ಚಳ ಸರಿ ಮಾಡಿದೆ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಆಕೆ ತೋರಿಸಿದಂತೆಯೇ, ಕಣ್ಣು ಮುಚ್ಚಿ ಉಗುರು ಎಳೆಯುತ್ತ. ಎಂಟು ದಿನ ಹಿಡಿಯಿತು. ಸೇಡಂನ ಮೆರವಣಿಗೆಯಲ್ಲಿ ಜನ ಮದುಮಕ್ಕಳನ್ನು ಬಿಟ್ಟು ಎಂಜಿನ್ ನೋಡಿದರು. ಒದ್ದೆ ಕಲ್ಲಿನ ಬಣ್ಣದ ಮೈ, ಕಪ್ಪು ಬೋಲ್ಟುಗಳ ಸಾಲು, ಕೆಂಪಗೆ ಹರಿಯುವ ತಾಮ್ರ, ಎಲ್ಲದರ ಮೇಲೆ ಆಕಾಶವನ್ನೇ ಹೊತ್ತ ಮುಚ್ಚಳ. ಸಾಹುಕಾರರು ನನಗೆ ಶಾಲು ಹೊದಿಸಿ, "ಲೋಹದ ಮಷೀನ್ ನಿಮ್ಮ ಶೆಡ್ಡಿಗೇ ಹಾಕಸ್ತೀನಿ" ಎಂದರು. ಬೇಡ ಎನ್ನಲಿಲ್ಲ. ಮಷೀನ್ ಬಂತು, ಕುರ್ಚಿಯೂ ಬಂತು. ಅದರ ಮೇಲೆ ನಾಲ್ಕು ವರ್ಷ ಕೂತಿದ್ದೇನೆ. ಕೆಲಸ ಹೆಮ್ಮೆಯಿಂದಲೇ ಮಾಡಿದ್ದೇನೆ, ಒಂದೂ ಮುಚ್ಚಳ ವಾಪಸ್ ಬಂದಿಲ್ಲ.

ಶಹಾಬಾದ್ ಸ್ಟೇಶನ್ನಿನಲ್ಲಿ ಆಕೆ ಎರಡು ಸಲ ಸಿಕ್ಕಿದ್ದಳು. "ಆರಾಮ್ ಇದ್ದೀರೇನ್ ಕಾಕಾ?" ಎಂದಳು. "ಆರಾಮ್" ಎಂದೆ. ಎರಡು ಸಲವೂ ನನ್ನ ಕಣ್ಣು ಆಕೆಯ ಪಾದದ ಮೇಲಿತ್ತು. ಎರಡು ಸಲವೂ ಅಷ್ಟಕ್ಕೇ ರೈಲು ಹತ್ತಿದೆ.

ಹೋದ ವಾರ ಸಾಹುಕಾರರು ಚಿಂಚೋಳಿಯ ತಮ್ಮ ಬೀಗರ ಜೀಪು ತಂದರು. ಅದರ ಎಂಜಿನ್ ಭಾಗಗಳನ್ನೂ ಅದೇ ಚಾದರದ ಮೇಲೆ ಸಾಲಾಗಿ ಇಟ್ಟೆ. ಅದನ್ನು ನೋಡಲು ಸಾಹುಕಾರರು ಬೀಗರನ್ನು ಅಂಬಾಸಿಡರಿನಲ್ಲಿ ಕರೆತಂದರು. ಬೀಗರು ಅದರ ಮುಚ್ಚಳದಲ್ಲಿ ಮುಖ ನೋಡುತ್ತ, "ಇಂಥದೇ ಬೇಕ್ರಿ. ಹಿಂಗ ತಿಕ್ಕೋದು ಎಲ್ಲಿ ಕಲತ್ರಿ?" ಎಂದರು.

ಅನುಭವ ಎಂದು ಹೇಳಿಬಿಡುವುದು ನನಗೆ ರೂಢಿಯಾಗಿತ್ತು. ಅಂದು ಬಾಯಿಗೆ ಬರಲಿಲ್ಲ. ಗೋಣಿಚೀಲದಿಂದ ಹಿಡಿದು ಉಜ್ಜುಕಾಗದದವರೆಗೆ ನಿಂತಲ್ಲೇ ಹೇಳಿದೆ. ಈ ಮಷೀನ್ ಶಹಾಬಾದಿಗೆ ಹೋಗಬೇಕು, ಕುರ್ಚಿಯೂ ಹೋಗಬೇಕು ಎಂದೆ. ಸಾಹುಕಾರರು ನೆನಪು ಮಾಡಿಕೊಳ್ಳಲು ನೋಡಿದರು.

"ಯಾರ್ರಿ ಆಕಿ? ನನಗ ನೆನಪೇ ಇಲ್ಲ."

ಆಕೆಯ ಮುಂದೆ ನಿಂತು ತಪ್ಪಾಯಿತು ಎನ್ನುವುದು ಇವತ್ತಿಗೂ ನನ್ನಿಂದ ಆಗಿಲ್ಲ. ಸಾಹುಕಾರರಿಗೆ ಮಾತ್ರ ಹೇಳಿದೆ:

"ಈಗೂ ನಿಮ್ಮ ಕಲ್ಲಿನ ಮಷೀನಿನ ಮುಂದ ಕೆಸರಾಗ ನಿಂತಾಳಲ್ರಿ, ಆಕಿ. ಪಾಲಿಶಕ್ಕ."