ಅಮ್ಮನ ಸರ್ವನಾಮ

ನಮ್ಮಪ್ಪನಿಗೆ ಇಂಗ್ಲಿಷ್ ಗ್ರಾಮರ್ ಮೇಲಿದ್ದ ಭಕ್ತಿ, ನಾವಿದ್ದ ತಮಿಳು ಸೀಮೆಯ ತಿರುವೊಟ್ಟಿಯೂರಿನ ದೇವರ ಮೇಲೂ ಇರಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮನೆಗಳ ಮಕ್ಕಳನ್ನೆಲ್ಲ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಿದ್ದರು. ಪಾರ್ಟ್ಸ್ ಆಫ್ ಸ್ಪೀಚ್ ಎಂದರೆ ಅವರಿಗೆ ಪ್ರಾಣ. ನೌನ್, ಪ್ರೊನೌನ್, ವರ್ಬ್ ಎಂದು ಬೆರಳು ಮಡಿಸುತ್ತ ಹೋದರೆ ಇಂಟರ್ಜೆಕ್ಷನ್ ಬರುವ ಹೊತ್ತಿಗೆ ಕಣ್ಣು ಹೊಳೆಯುತ್ತಿತ್ತು. ಪ್ರತಿ ಪದಕ್ಕೂ ಒಂದು ಸ್ಥಾನವಿದೆ, ಸ್ಥಾನ ತಪ್ಪಿದರೆ ಮಾನ ಹೋಯಿತು ಅನ್ನುತ್ತಿದ್ದರು. ಆ ಮಕ್ಕಳ ತಾಯಂದಿರು ಈಗಲೂ ಸಿಕ್ಕಾಗ, ನಿಮ್ಮಪ್ಪ ದೇವರಂಥವರು ಅನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಅಮ್ಮನ ವಿಷಯ ಬಂದರೆ ಅಪ್ಪನ ಬಾಯಲ್ಲಿ ಬರುತ್ತಿದ್ದುದು ಒಂದೇ ಪದ. "ಅದಕ್ಕೇನ್ ಗೊತ್ತು?" "ಅದಕ್ಕೆ ಕಾಫಿ ತರಕ್ಕೆ ಹೇಳು." "ಅದು ಒಳಗಿದೆ." ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೆ ಅನ್ನುವ ರೂಢಿ ಇದೆ, ಒಪ್ಪುತ್ತೇನೆ. "ನಮ್ ಕೂಸು ಬಂತಾ, ಉಣ್ತಾ?" ಎಂದು ಅಜ್ಜಿ ನನ್ನ ಕೆನ್ನೆ ಸವರುವಾಗ ಆ ಮಾತಿನಲ್ಲಿ ಬೆಲ್ಲವಿರುತ್ತಿತ್ತು. ಅಪ್ಪನ 'ಅದು'ವಿನಲ್ಲಿ ಅದಿರಲಿಲ್ಲ. ಅವರ ತಂಗಿ 'ಅವಳು', ಮ್ಯಾನೇಜರ ಹೆಂಡತಿ 'ಅವರು', ಅಮ್ಮ ಒಬ್ಬಳೇ 'ಅದು'. ಅಮ್ಮನೋ, ಬೀದಿಯಲ್ಲಿ ಚಪ್ಪಲಿ ಸದ್ದು ಕೇಳಿದರೆ ಸಾಕು, "ಅವರು ಬಂದ್ರು" ಎಂದು ಎದ್ದು ನಿಲ್ಲುತ್ತಿದ್ದಳು. ಒಬ್ಬ ಗಂಡಸಿಗೆ ಬಹುವಚನ, ಒಬ್ಬ ಹೆಂಗಸಿಗೆ ನಪುಂಸಕಲಿಂಗ. ಇಷ್ಟು ಬರೆದೂ ನಾನೂ ಅಪ್ಪನನ್ನು 'ಅವರು' ಎಂದೇ ಬರೆಯುತ್ತಿದ್ದೇನೆ ನೋಡಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಪ್ರೊನೌನ್ ಪಾಠ. ಗಂಡಸಿಗೆ ಹಿ, ಹೆಂಗಸಿಗೆ ಷಿ, ಪ್ರಾಣಿಗೂ ವಸ್ತುವಿಗೂ ಇಟ್. ಎಲ್ಲರೂ ತಂತಮ್ಮ ಅಮ್ಮನ ಮೇಲೆ ಎರಡು ವಾಕ್ಯ ಬರೆಯಬೇಕಿತ್ತು. ನಾನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡೆ, ಮನೆಯಲ್ಲಿ ದಿನವೂ ಕೇಳುವ ಹಾಗೆಯೇ. ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಎದ್ದು ನಿಂತು ಓದಿದೆ: "ಮೈ ಮದರ್ ಈಸ್ ಇನ್ ದಿ ಕಿಚನ್. ಇಟ್ ಈಸ್ ಮೇಕಿಂಗ್ ದೋಸೈ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ಮರದ ಸ್ಕೇಲಿನಿಂದ ನನ್ನ ಗೆಣ್ಣಿನ ಮೇಲೆ ಹೊಡೆದರು.

"ನಿಮ್ಮಮ್ಮ ಏನೇ, ಮೇಜಾ? ಎಮ್ಮೆಯಾ?"

"ಮತ್ತೆ ನೀವು ಅಮ್ಮನ್ನ ಅದು ಅಂತೀರಲ್ಲಪ್ಪಾ?"

ಅಪ್ಪ ಒಂದು ಗಳಿಗೆಯೂ ತಡವರಿಸಲಿಲ್ಲ. "ಅದು ಮನೆಮಾತು. ಇದು ಗ್ರಾಮರ್."

ಅಮ್ಮ ಸಟ್ಟುಗ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಧ್ಯಾಹ್ನ ನನ್ನ ಗೆಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದಳು. "ಷಿ ಅಂದ್ರೆ ಏನೇ?"

"ಅವಳು ಅಂತ."

"ಇಟ್ ಅಂದ್ರೆ?"

ನಾನು "ತೆರಿಯಾದು", ಗೊತ್ತಿಲ್ಲ, ಎಂದು ತಮಿಳಿನಲ್ಲಿ ಜಾರಿಕೊಂಡೆ. ಅವಳಿಗೆ ಗೊತ್ತಾಗಿತ್ತು. ಆವತ್ತು ಸಂಜೆ ಅಪ್ಪನ ಮುಂದೆ ಕಾಫಿ ಲೋಟ ಇಟ್ಟು, "ರೀ, ನಾಕು ಜನದ ಮುಂದೆ ನನ್ನ ಅದು ಅನ್ಬೇಡಿ. ಅವಳು ಅನ್ನಿ, ಸಾಕು" ಎಂದಳು. ಅವಳು ಗಂಡನನ್ನು ಏನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಅಪ್ಪ ಪೇಪರಿನಿಂದ ಕಣ್ಣೆತ್ತದೆ ನಕ್ಕರು. "ಯಾಕೆ, ಮಹಾರಾಣಿಯೋರು ಅನ್ಲಾ?" ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಆದರೆ ಭಾನುವಾರ ಪಾಠ ನಡೆಯುವಾಗ ತರಕಾರಿ ಹೆಚ್ಚುವ ಮಣೆ ತಂದುಕೊಂಡು ಬಾಗಿಲ ಹತ್ತಿರವೇ ಕೂರುತ್ತಿದ್ದಳು. ಕಿವಿ ಇತ್ತ ಕಡೆಗೇ ಇರುತ್ತಿತ್ತು.

ಹೋದ ವರ್ಷ ಅಮ್ಮನಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ನಾನು ಹೋದಾಗೆಲ್ಲ ಗಂಜಿ ಕುಡಿಯುತ್ತಿರುತ್ತಿದ್ದಳು. ಕೇಳಿದರೆ ಅಪ್ಪನದು ಒಂದೇ ಉತ್ತರ: "ಅದಕ್ಕೆ ಗ್ಯಾಸು." ಕೊನೆಗೆ ನಾನು ಜಗಳವಾಡಿ ಇಬ್ಬರನ್ನೂ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಪೋರೂರಿನ ಆಸ್ಪತ್ರೆಗೆ ಹೊರಟೆ. ಊರಿನ ಆ ತುದಿಯಿಂದ ಈ ತುದಿ. ದಾರಿಯುದ್ದಕ್ಕೂ ಅಪ್ಪ ಟ್ರಾಫಿಕ್ಕನ್ನು ಬೈದರು, ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಕೂತಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಉಂಗಳುಕ್ಕು ಎನ್ನಮ್ಮಾ ಪಣ್ಣುದು?" ಏನಾಗ್ತಿದೆ ನಿಮಗೆ ಎಂದು ತಮಿಳಿನಲ್ಲಿ ಅಮ್ಮನ ಮುಖ ನೋಡಿಯೇ ಕೇಳಿದಳು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಇಂಗ್ಲಿಷಿನಲ್ಲಿ ಶುರುಮಾಡಿದರು. ಷಿ ಈಸ್ ನಾಟ್ ಏಬಲ್ ಟು ಸ್ವಾಲೋ. ಷಿ ಹ್ಯಾಸ್ ಲಾಸ್ಟ್ ವೆಯ್ಟ್. ಷಿ ನೆವರ್ ಕಂಪ್ಲೇನ್ಸ್, ಡಾಕ್ಟರ್. ಒಂದು ಪದವೂ ಜಾಗ ತಪ್ಪಲಿಲ್ಲ. ನನ್ನ ಮೈ ಉರಿದುಹೋಯಿತು. ಎಲ್ಲ ಗೊತ್ತಿತ್ತು ಈ ಮನುಷ್ಯನಿಗೆ. ಅವಳು ನುಂಗಲಾರದ್ದು, ಸೊರಗಿದ್ದು, ಸುಮ್ಮನಿದ್ದದ್ದು, ಎಲ್ಲವನ್ನೂ ನೋಡಿದ್ದರು. ಕನ್ನಡದಲ್ಲಿ ಮಾತ್ರ ಗ್ಯಾಸು.

ಮಾರನೆಯ ದಿನ ಗಂಟಲಿಗೆ ಟ್ಯೂಬ್ ಬಿಟ್ಟು ನೋಡಬೇಕು, ಬಂದು ಸೇರಿ ಎಂದಳು ಡಾಕ್ಟರು. ಅಪ್ಪ ಔಷಧಿ ತರಲು ಹೋದಾಗ ಅಮ್ಮ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಸರಿದಳು. ಟ್ಯೂಬಿನ ಭಯ ಹೇಳಿಕೊಳ್ಳುತ್ತಾಳೆ ಅಂದುಕೊಂಡೆ.

"ಕೇಳಿಸ್ಕೊಂಡ್ಯಾ?" ಅಂದಳು ಪಿಸುದನಿಯಲ್ಲಿ. "ನಿಮ್ಮಪ್ಪ ನನ್ನ ಷಿ ಅಂದ್ರು. ಒಂದ್ ಸಲ ಅಲ್ಲ."

ಬತ್ತಿದ ಆ ಮುಖದಲ್ಲಿ ನಗು ಬಂದಿತ್ತು. ಡಾಕ್ಟರ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಇಷ್ಟಕ್ಕೆ ಖುಷಿಪಡುವ ಹಾಗೆ ಇವಳನ್ನು ಇಟ್ಟವರು ಯಾರು?

ವಾಪಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತು ತಂಗಿಗೆ ಫೋನ್ ಹಚ್ಚಿದರು. "ಅದನ್ನ ನಾಳೆ ಆಸ್ಪತ್ರೆಗೆ ಸೇರಿಸ್ಬೇಕಂತೆ ಕಣೇ. ಅದು ಮಲಗಿಬಿಟ್ರೆ ನನ್ನ ಊಟದ ಗತಿ ಏನು ಹೇಳು?"

ನಾನು ಮುಂದಕ್ಕೆ ಬಾಗಿ ಬಾಯಿ ತೆರೆದೆ. ಅಮ್ಮ ನನ್ನ ಮಂಡಿ ಒತ್ತಿ ಹಿಡಿದಳು. ನಗು ಹೋಗಿತ್ತು.

"ಬಿಡೇ," ಅಂದಳು. "ಅದು ಮನೆಮಾತು."