ನಾನೇ ಕಟ್ಟಿಕೊಂಡ ತಾಳಿ

ನನ್ನ ತಾಳಿ ಯಾರೂ ಕಟ್ಟಿದ್ದಲ್ಲ. ರಾಯಚೂರಿನ ಬಜಾರಿನಲ್ಲಿ ಕೊಂಡು ನಾನೇ ಹಾಕಿಕೊಂಡದ್ದು. ಮೈ ಮಾರುವ ಧಂದೆ ಮಾಡುವ ನಮ್ಮಲ್ಲಿ ಬಹಳ ಮಂದಿ ಹೀಗೇ. ಕರಿಮಣಿ ಕಂಡರೆ ಬಾಡಿಗೆ ಮನೆ ಸಿಗುತ್ತದೆ, ಬಸ್ಸಿನಲ್ಲಿ ಪಕ್ಕದವಳು ಸರಿದು ಕೂರುವುದಿಲ್ಲ. ಗಂಡ ಎಲ್ಲಿ ಎಂದರೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ ಎಂದರಾಯಿತು. ದೇವದುರ್ಗದಲ್ಲಿ ಆ ಮಾತು ಯಾರೂ ಕೆದಕುವುದಿಲ್ಲ.

ಮಗಳೊಂದಿಗೆ ಅಲ್ಲೇ ಇದ್ದೆ. ಕೆಲಸಕ್ಕೆ ಮಾತ್ರ ರಾಯಚೂರು, ಮಾನ್ವಿ ಕಡೆ. ಇದ್ದ ಊರಲ್ಲಿ ದುಡಿಯಬಾರದು ಎಂಬುದು ನಮ್ಮ ಕಟ್ಟುಪಾಡು.

ಒಂದು ದಿನ ನಮ್ಮಂಥ ಹೆಂಗಸರ ಸಂಘದ ಅಕ್ಕ ಮನೆಗೆ ಬಂದಳು. ಹದಿನೆಂಟು ತುಂಬಿದವಳು ಸ್ವಂತ ಮನಸ್ಸಿನಿಂದ ಈ ಕೆಲಸ ಮಾಡಿದರೆ ಪೊಲೀಸರು ರೇಡಿನಲ್ಲಿ ಹಿಡಿದು ಒಳಗೆ ಹಾಕುವಂತಿಲ್ಲ, ತಾಯಿ ಈ ಕೆಲಸದವಳೆಂಬ ಒಂದೇ ಕಾರಣಕ್ಕೆ ಮಗುವನ್ನು ಬೇರೆ ಮಾಡುವಂತಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ ಎಂದಳು. ನಾನು ನಂಬಲಿಲ್ಲ. ಪುಕ್ಕಟೆ ಒಳ್ಳೆಯ ಸುದ್ದಿ ತರುವವರು ಯಾರಿದ್ದಾರೆ? ಇವಳಿಗೂ ಪೊಲೀಸರಿಗೂ ಏನೋ ಒಳಗಿಂದೊಳಗೆ ನಡೆದಿದೆ, ನನ್ನ ಬಾಯಿ ಬಿಡಿಸಲು ಬಂದಿದ್ದಾಳೆ ಎಂದುಕೊಂಡು ಚಹಾ ಕುಡಿಸಿ ಸಾಗಹಾಕಿದೆ.

ಶಾಲೆಗೆ ರಜೆಯೆಂದು ಒಮ್ಮೆ ಮಗಳನ್ನೂ ರಾಯಚೂರಿನಲ್ಲಿ ನಾನು ಕೆಲಸಕ್ಕೆ ಹೋಗುವ ಗೆಳತಿಯ ಮನೆಗೆ ಕರೆದೊಯ್ದಿದ್ದೆ. ಅಂದೇ ಅಲ್ಲಿ ರೇಡ್ ಬಿತ್ತು. ಠಾಣೆಯಲ್ಲಿ ನಾನು ತಾಳಿ ಎತ್ತಿ ತೋರಿಸಿ, ಸಂಸಾರಸ್ಥೆ ಎಂದೆ. ಹಾಗಾದರೆ ಗಂಡನಿಗೆ ಫೋನ್ ಹಚ್ಚು ಎಂದರು. ಯಾವ ಗಂಡ? ಗಾಬರಿಯಲ್ಲಿ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು ಹೇಳಿದೆ. ಈ ಹುಡುಗಿಯನ್ನು ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದಾಳೆ ಎಂದು ಸಾಹೇಬರಿಗೆ ಅನುಮಾನ ಬಂತು. ಮಗಳನ್ನು ಬಾಲಮಂದಿರಕ್ಕೆ ಕಳಿಸುವ ಮಾತೆದ್ದಿತು.

ಸುದ್ದಿ ತಿಳಿದು ಸಂಘದ ಅಕ್ಕ ವಕೀಲೆಯೊಬ್ಬಳನ್ನು ಕರೆತಂದಳು. ಅಕ್ಕ ನನ್ನ ಪಕ್ಕ ಕೂತು ಮೆಲ್ಲಗೆ ಅಂದಳು:

"ಖರೇ ಹೇಳ್ ಬೇ. ಸುಳ್ಳು ಹೇಳಿದಷ್ಟೂ ಕೂಸು ಕೈ ತಪ್ಪತದ."

ಆಗಲೂ ಅವಳ ಮೇಲಿನ ಗುಮಾನಿ ಹೋಗಲಿಲ್ಲ. ಆದರೆ ಬೆಂಚಿನ ಮೇಲಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ತಾಳಿ ಬಿಚ್ಚಿ ಮೇಜಿನ ಮೇಲಿಟ್ಟೆ.

"ಗಂಡ ಇಲ್ರೀ ಸಾಹೇಬ್ರ. ನಾ ಧಂದಾ ಮಾಡಾಕಿ. ಕೂಸು ನನ್ನ ಹೊಟ್ಯಾಗ ಹುಟ್ಟಿದ್ದು."

ಉಳಿದದ್ದನ್ನು, ಅಕ್ಕ ಅಂದು ಹೇಳಿದ್ದ ಕೋರ್ಟಿನ ಮಾತನ್ನು, ವಕೀಲೆ ಹೇಳಿದಳು. ಗಬ್ಬೂರಿನಿಂದ ನನ್ನವ್ವ ಬಂದು ಮೊಮ್ಮಗಳು ಹೌದೆಂದಳು. ಸಂಜೆಗೆ ಇಬ್ಬರನ್ನೂ ಬಿಟ್ಟರು.

ತಾಳಿಯನ್ನು ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸಿನಲ್ಲಿ ಬರಿಗೊರಳಲ್ಲಿ ಕೂತೆ. ನನಗೆ ಖುಷಿಯಾಗಿತ್ತು. ಊರು ಹತ್ತಿರವಾದಾಗ ಮಗಳು ನನ್ನ ಚೀಲಕ್ಕೆ ಕೈಹಾಕಿ ತಾಳಿ ಹುಡುಕಿ ತೆಗೆದಳು.

"ಹಾಕ್ಕೋ ಯವ್ವಾ. ಮನಿ ಮಾಲಕ ಕಟ್ಟಿ ಮ್ಯಾಲ ಕುಂತಿರ್ತಾನ."

ಕೊರಳು ಬಗ್ಗಿಸಿದೆ. ಕೊಂಡಿ ಹಾಕಿದ್ದು ಅವಳೇ.